ಮಾಗಡಿ ಕೆರೆಗೆ ಬೈಕಿನಲ್ಲಿ: ಮೂಡುಗಾಳಿಗೆ ಏನು ತೊಡಬೇಕು, ಎಷ್ಟು ಹೊತ್ತಿಗೆ ಹೊರಡಬೇಕು

ಬಯಲುಸೀಮೆಯಲ್ಲಿ ಎಂಥ ಚಳಿ ಎನ್ನುವವರು ಜನವರಿಯ ನಸುಕಿನಲ್ಲಿ ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಬೈಕ್ ಓಡಿಸಿರಲಿಕ್ಕಿಲ್ಲ. ಮನೆಯ ಅಂಗಳದಲ್ಲಿ ನಿಂತಾಗ ಹಿತವೆನಿಸುವ ಚಳಿ, ಊರು ದಾಟಿ ಎರೆಹೊಲಗಳ ನಡುವೆ ಬಂದ ಕೂಡಲೇ ಬೇರೆಯೇ ಆಗುತ್ತದೆ. ಗದಗ ಇರುವುದು ಹುಬ್ಬಳ್ಳಿಗೆ ಪೂರ್ವಕ್ಕೆ. ಈ ತಿಂಗಳುಗಳಲ್ಲಿ ಗಾಳಿ ಬೀಸುವುದೂ ಮೂಡಲಿನಿಂದಲೇ. ಅಣ್ಣಿಗೇರಿಯ ಆಚೀಚೆ ರಸ್ತೆಯ ಎರಡೂ ಬದಿಗೆ ಜೋಳ, ಕಡಲೆ, ಹತ್ತಿ. ಗಾಳಿಗೆ ಅಡ್ಡ ನಿಲ್ಲುವ ಮರಗಳು ಕಡಿಮೆ. ಸುಮಾರು 60 ಕಿಲೋಮೀಟರ್ ದಾರಿಯುದ್ದಕ್ಕೂ ಗಾಳಿ ನೇರ ಎದೆಗೆ ಬಡಿಯುತ್ತದೆ.

ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗುವವರು ಈಗ ಹೆಚ್ಚಾಗಿದ್ದಾರೆ. 2024ರಲ್ಲಿ ಈ ಕೆರೆ ಜಗತ್ತಿನ ಮುಖ್ಯ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲಂತೂ ವಿಚಾರಿಸುವವರಿಗೆ ಕೊರತೆಯಿಲ್ಲ. ಹೀಗೆ ವಿಚಾರಿಸುವವರಿಗೆಲ್ಲ ಒಂದೇ ಸಲಹೆ ಸಿಗುತ್ತದೆ: ಸೂರ್ಯ ಹುಟ್ಟುವ ಮೊದಲು ಕೆರೆಯ ದಂಡೆಯಲ್ಲಿ ಇರಬೇಕು. ನನಗೂ ಅದನ್ನೇ ಹೇಳಿದ್ದರು. ಆ ಸಲಹೆಯನ್ನು ಬೈಕಿನವರು ನಂಬಬಾರದು. ಏಕೆಂದು ಮುಂದೆ ಹೇಳುತ್ತೇನೆ, ಮೊದಲು ಚಳಿಯ ಮಾತು.

ಚಳಿಗಿಂತ ಹೆಚ್ಚು ಕಾಡುವುದು ಗಾಳಿ. ಉಷ್ಣತೆ 10 ಡಿಗ್ರಿ ಇರುವಾಗ ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಬರಿಮೈಗೆ ಅದು ಸುಮಾರು 5 ಡಿಗ್ರಿಯ ಚಳಿಯಾಗಿ ತಾಗುತ್ತದೆ. ನಮ್ಮ ದೇಹ ತನ್ನ ಸುತ್ತ ಒಂದು ತೆಳುವಾದ ಬೆಚ್ಚನೆಯ ಗಾಳಿಯ ಪದರವನ್ನು ಇಟ್ಟುಕೊಂಡಿರುತ್ತದೆ. ಓಡುವ ಬೈಕಿನ ಮೇಲೆ ಆ ಪದರ ನಿಲ್ಲುವುದೇ ಇಲ್ಲ. ಉಣ್ಣೆಯ ಸ್ವೆಟರ್ ಎಷ್ಟೇ ದಪ್ಪಗಿದ್ದರೂ ಅದರ ಹೆಣಿಗೆಯ ಸಂದುಗಳಲ್ಲಿ ಗಾಳಿ ನುಗ್ಗುತ್ತದೆ. ಎರಡು ಸ್ವೆಟರ್ ಹಾಕಿಕೊಂಡು ನಡುಗುವವರನ್ನು ಕಂಡಿದ್ದೇನೆ. ಒಂದೇ ಸ್ವೆಟರಿನ ಮೇಲೆ ಮಳೆಗಾಲದ ರೇನ್‌ಕೋಟ್ ಹಾಕಿಕೊಂಡವರು ಹಾಯಾಗಿರುತ್ತಾರೆ. ಅಟ್ಟದ ಮೇಲೆ ಮಡಚಿಟ್ಟ ಆ ರೇನ್‌ಕೋಟನ್ನೇ ಕೆಳಗಿಳಿಸಿ, ಅದರ ಪ್ಯಾಂಟನ್ನೂ ಬಿಡಬೇಡಿ. ಮೊಣಕಾಲಿಗೆ ಗಾಳಿ ಬಡಿಯುವುದನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ. ಇಳಿಯುವಾಗ ಕಾಲು ಮಡಚಲು ಬಾರದೆ ನಿಂತಾಗಲೇ ಅದರ ನೆನಪು. ರೇನ್‌ಕೋಟಿನೊಳಗೆ ಬೆವರು ಕಟ್ಟುತ್ತದೆ ಎಂಬುದು ನಿಜ. ಅದಕ್ಕಾಗಿ ಮೈಗೆ ಹತ್ತುವ ಬನಿಯನ್ ದಪ್ಪ ಹತ್ತಿಯದಾಗಿರದಂತೆ ನೋಡಿಕೊಳ್ಳಿ. ಹತ್ತಿ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ನಂತರ ಮೈಯನ್ನೇ ತಣ್ಣಗೆ ಮಾಡುತ್ತದೆ.

ರೇನ್‌ಕೋಟ್ ಇಲ್ಲದಿದ್ದರೆ ದಿನಪತ್ರಿಕೆಯ ನಾಲ್ಕು ಹಾಳೆಗಳನ್ನು ಎದೆಯಿಂದ ಹೊಟ್ಟೆಯವರೆಗೆ ಸ್ವೆಟರ್ ಮತ್ತು ಜಾಕೆಟ್ ನಡುವೆ ಇಟ್ಟುಕೊಳ್ಳಿ. ಖರ್ಚಿಲ್ಲದ ಈ ಉಪಾಯ ಎಷ್ಟು ಚೆನ್ನಾಗಿ ನಡೆಯುತ್ತದೆ ಎಂದರೆ, ಅಣ್ಣಿಗೇರಿಯಲ್ಲಿ ಚಹಾಕ್ಕೆ ಇಳಿದಾಗ ನನ್ನ ಚಿಕ್ಕಪ್ಪನ ಮಗ ಹಾಳೆ ತೆಗೆಯಲು ಒಪ್ಪಲಿಲ್ಲ. ಬೈಕಿನವರಿಗೆಂದೇ ಮಾರುವ ಜಾಳಿಗೆಯಂಥ ಬಟ್ಟೆಯ ಜಾಕೆಟ್ ಬೇಸಿಗೆಗೆ ಮಾಡಿದ್ದು. ಬಿದ್ದರೆ ಮೊಣಕೈ ಉಳಿಸುತ್ತದೆ, ಆದ್ದರಿಂದ ಹಾಕಿಕೊಳ್ಳಿ. ಆದರೆ ‘ಎಲ್ಲ ಕಾಲಕ್ಕೂ ಆಗುತ್ತದೆ’ ಎಂಬ ಅಂಗಡಿಯವರ ಮಾತನ್ನು ನಂಬಿ ಅದೊಂದನ್ನೇ ಹಾಕಿಕೊಂಡು ಜನವರಿಯಲ್ಲಿ ಹೊರಡಬೇಡಿ.

ಅಂಗಡಿಯ ಮಾತು ಬಂದದ್ದರಿಂದ ಕೈಗವಸಿನ ವಿಷಯ ಹೇಳಲೇಬೇಕು. ಹೊರಡುವ ಮೊದಲು ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ 850 ರೂಪಾಯಿ ಕೊಟ್ಟು ಕೈಗವಸು ಕೊಂಡೆ. ಅಸಲಿ ತೊಗಲು, ಗಾಳಿಯೂ ಬರುವುದಿಲ್ಲ, ನೀರೂ ಬರುವುದಿಲ್ಲ ಎಂದು ಅಂಗಡಿಯವನು ಆಣೆ ಇಟ್ಟು ಹೇಳಿದ್ದ. ತೊಗಲಲ್ಲ, ರೆಕ್ಸಿನ್. ಚಳಿಗೆ ಸೆಟೆದುಕೊಂಡು ಕ್ಲಚ್ ಹಿಡಿಯುವಾಗ ಬೆರಳು ಮಡಚಲಿಕ್ಕೇ ಬಿಡಲಿಲ್ಲ. ಗದಗ ತಲುಪುವಷ್ಟರಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹೊಲಿಗೆ ಬಿಚ್ಚಿ, ಒಳಗಿನ ಬಿಳಿ ಅಸ್ತರು ಇಣುಕುತ್ತಿತ್ತು. ಗಾಳಿ ಅಲ್ಲಿಂದಲೇ ಹೊಕ್ಕು ಅಂಗೈಯವರೆಗೆ ಹೋಗುತ್ತಿತ್ತು. ಕೈ ಹೊರಗೆ ಎಳೆದರೆ ಅಸ್ತರು ಪೂರ್ತಿ ತಿರುವುಮುರುವಾಗಿ ಕೈಯ ಜೊತೆಗೇ ಬಂತು. ಮತ್ತೆ ಒಂದೊಂದೇ ಬೆರಳಿಗೆ ಪೆನ್ನು ತೂರಿಸಿ ಒಳಗೆ ತಳ್ಳಬೇಕಾಯಿತು. ಮರುದಿನ ತೋರಿಸಲು ಹೋದರೆ ‘ನೀವು ಜೋರಾಗಿ ಎಳೆದಿದ್ದೀರಿ’ ಎಂದ.

ನೀವು ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಕೈಗವಸಿನ ಬಟ್ಟೆಗೆ ಬಾಯಿ ಹಚ್ಚಿ ಜೋರಾಗಿ ಊದಿ. ಇನ್ನೊಂದು ಬದಿಯಲ್ಲಿ ಹಿಡಿದ ಅಂಗೈಗೆ ಉಸಿರು ತಾಗಿದರೆ ಬಿಟ್ಟುಬಿಡಿ. ಹಾಕಿಕೊಂಡು ಮುಷ್ಟಿ ಕಟ್ಟಿ ನೋಡಿ. ಬೆರಳ ತುದಿ ಒತ್ತುತ್ತಿದ್ದರೆ ಒಂದು ಅಳತೆ ದೊಡ್ಡದು ಕೇಳಿ. ಬಿಗಿಯಾದ ಕೈಗವಸು ರಕ್ತದ ಓಡಾಟವನ್ನೇ ತಡೆಯುತ್ತದೆ, ಬೆರಳು ಮತ್ತಷ್ಟು ಬೇಗ ಮರಗಟ್ಟುತ್ತವೆ. ಒಂದರ ಮೇಲೊಂದು ಕಾಲುಚೀಲ ತುರುಕಿ ಬೂಟು ಬಿಗಿದರೂ ಇದೇ ಗತಿ. ಕೈಗವಸಿನ ಬಾಯಿ ಜಾಕೆಟ್ಟಿನ ತೋಳನ್ನು ಮುಚ್ಚುವಷ್ಟು ಉದ್ದ ಇರಬೇಕು. ಮಣಿಕಟ್ಟು ಬರಿದಾಗಿದ್ದರೆ ಉಳಿದದ್ದೆಲ್ಲ ದಂಡ. ನಾನು ಕೊನೆಗೆ ಗದಗಿನ ಔಷಧಿ ಅಂಗಡಿಯಲ್ಲಿ ತೆಳುವಾದ ರಬ್ಬರ್ ಕೈಗವಸು ಕೊಂಡು, ಅದರ ಮೇಲೆ ಚಿಕ್ಕಪ್ಪನ ಮಗ ಕೊಟ್ಟ ಸಾದಾ ಉಣ್ಣೆಯ ಕೈಗವಸು ಹಾಕಿಕೊಂಡೆ. ಅಂಗೈ ಬೆವರಿತು, ಆದರೆ ಬೆರಳು ಬೆಚ್ಚಗಿದ್ದವು. ಬೆಲೆಯ ಮಾತು ಬೇಡ, ಚಹಾ–ಮಿರ್ಚಿಗೆ ಕೊಡುವಷ್ಟೂ ಆಗಲಿಲ್ಲ.

ಇನ್ನೊಂದು ಮಾತು ಅನುಭವದಿಂದ ಹೇಳುತ್ತೇನೆ. ಕೈ ತಣ್ಣಗಾಗುತ್ತಿದ್ದರೆ ಕೈಗೆ ಮಾತ್ರ ಉಪಚಾರ ಮಾಡಿದರೆ ಸಾಲದು. ಎದೆ, ಹೊಟ್ಟೆ ತಣ್ಣಗಾದ ಕೂಡಲೇ ದೇಹ ಅಲ್ಲಿನ ಬಿಸಿ ಉಳಿಸಿಕೊಳ್ಳಲು ಕೈಕಾಲಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಎದೆಯನ್ನೂ ಕುತ್ತಿಗೆಯನ್ನೂ ಮುಚ್ಚಿದರೆ ಬೆರಳಿಗೂ ಜೀವ ಬರುತ್ತದೆ. ಕುತ್ತಿಗೆಗೆ ಮಫ್ಲರ್ ಒಳ್ಳೆಯದೇ. ಆದರೆ ಅದರ ಎರಡೂ ತುದಿಗಳು ಜಾಕೆಟ್ಟಿನೊಳಗೆ ಸೇರಿ ಜಿಪ್ಪು ಮುಚ್ಚಿರಬೇಕು. ಹಾರಾಡುವ ತುದಿ ಚಕ್ರಕ್ಕೋ ಚೈನಿಗೋ ಸಿಕ್ಕರೆ ಕುತ್ತಿಗೆಗೇ ಸಂಚಕಾರ. ಹಿಂದೆ ಕೂತವರ ಸೆರಗು, ಶಾಲು, ಕಂಬಳಿಗೂ ಇದೇ ಮಾತು. ಹೆಲ್ಮೆಟ್ಟಿನೊಳಗೆ ದಪ್ಪ ಮಂಕಿ ಕ್ಯಾಪ್ ಹಾಕಬೇಡಿ. ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ತೆಳುವಾದದ್ದು ಸಾಕು. ಉಸಿರಿಗೆ ಹೆಲ್ಮೆಟ್ಟಿನ ಗಾಜು ಮಂಜಾದರೆ ಒಂದು ಬೆರಳಿನಷ್ಟು ತೆರೆದಿಡಿ. ಹಿಂದಿನ ರಾತ್ರಿಯೇ ಒಳಬದಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಚ್ಚಿ ಒಣಬಟ್ಟೆಯಿಂದ ಒರೆಸಿಟ್ಟರೆ ಮಂಜು ಅಷ್ಟಾಗಿ ಹಿಡಿಯುವುದಿಲ್ಲ.

ಗದಗಿನಲ್ಲಿ ರಾತ್ರಿ ತಂಗಿದ್ದು ನಸುಕಿನ ದೂರ ಕಡಿಮೆ ಮಾಡಿಕೊಳ್ಳಲು. ಅಲ್ಲಿಂದ ಮಾಗಡಿ ಸುಮಾರು 26 ಕಿಲೋಮೀಟರ್ ಅಷ್ಟೇ. ಫೋನಿನಲ್ಲಿ 900 ರೂಪಾಯಿ ಎಂದಿದ್ದ ಲಾಡ್ಜಿನವರು ಎದುರು ನಿಂತಾಗ ಶನಿವಾರ ಎಂಬ ನೆಪ ಹೇಳಿ 1,400 ತೆಗೆದುಕೊಂಡರು. ಗೋಡೆಯ ಮೇಲೆ ‘24 ತಾಸು ಬಿಸಿನೀರು’ ಎಂಬ ಹಲಗೆ. ಬೆಳಗಿನ ಐದು ಗಂಟೆಗೆ ನಲ್ಲಿ ತಿರುಗಿಸಿದರೆ ಬೆನ್ನುಮೂಳೆ ನಡುಗುವಂಥ ನೀರು. ಕೇಳಿದರೆ, ಸೋಲಾರ್ ಇದೆ, ಏಳರ ಮೇಲೆ ಬನ್ನಿ ಎಂದು ಹುಡುಗ ಹೇಳಿದ. ಹಿಂದಿನ ದಿನ ಬಿಸಿಲಿಗೆ ಕಾದ ನೀರನ್ನು ರಾತ್ರಿ ಬಂದವರೇ ಖಾಲಿ ಮಾಡಿರುತ್ತಾರೆ. ಏಳು ಗಂಟೆಗೆ ಎಲ್ಲಿಂದ ಬರಬೇಕು? ಕಿಟಕಿಯ ಗಾಜಿನ ಪಟ್ಟಿಗಳಲ್ಲಿ ಒಂದು ಇರಲೇ ಇಲ್ಲ. ಆ ಸಂದಿನಿಂದ ರಾತ್ರಿಯೆಲ್ಲ ಗಾಳಿ. ಹೊದಿಕೆ ಎಂದು ಕೊಟ್ಟದ್ದು ನೂಲು ಎಣಿಸುವಷ್ಟು ತೆಳುವಾದ ಚಾದರ. ಮತ್ತೊಂದು ಕೇಳಿದ್ದಕ್ಕೆ ಐವತ್ತು ರೂಪಾಯಿ ಹೆಚ್ಚಿಗೆ. ನಮ್ಮನ್ನು ಉಳಿಸಿದ್ದು ಚಿಕ್ಕಪ್ಪನ ಮಗ ಬೈಕಿಗೆ ಕಟ್ಟಿ ತಂದಿದ್ದ ಕಂಬಳಿ. ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ನೇಯ್ದದ್ದು. ಚುಚ್ಚುತ್ತದೆ, ಕುರಿಯ ವಾಸನೆ ಇದೆ, ಆದರೆ ಅದರೊಳಗೆ ಹೊಕ್ಕವನಿಗೆ ಚಳಿಯ ಮಾತಿಲ್ಲ. ರೂಮು ಹಿಡಿಯುವವರು ಬಾಡಿಗೆ ಕೇಳುವ ಮೊದಲು ಗೀಸರ್ ಇದೆಯೇ ಎಂದು ಕೇಳಿ. ಕಿಟಕಿಗಳನ್ನು ಕಣ್ಣಾರೆ ನೋಡಿ, ಬೈಕ್ ಮಾಡಿನ ಕೆಳಗೆ ನಿಲ್ಲುತ್ತದೆಯೇ ವಿಚಾರಿಸಿ. ನಮ್ಮದು ಬಯಲಿನಲ್ಲಿ ನಿಂತಿತ್ತು. ಸೀಟು ಇಬ್ಬನಿಗೆ ತೊಪ್ಪೆಯಾಗಿತ್ತು. ಒದ್ದೆ ಸೀಟಿನ ಮೇಲೆ ಕೂತು ಹೊರಟರೆ ಯಾವ ರೇನ್‌ಕೋಟೂ ಕಾಯುವುದಿಲ್ಲ, ಒಂದು ಒಣ ಟವೆಲ್ ಇಟ್ಟುಕೊಳ್ಳಿ.

ಐದೂವರೆಗೆ ಹೊರಟೆವು. ದಿನದ ಅತಿ ಕಡಿಮೆ ಉಷ್ಣತೆ ಇರುವುದು ಸೂರ್ಯ ಹುಟ್ಟುವ ಹೊತ್ತಿಗೇ, ಜನವರಿಯಲ್ಲಿ ಇಲ್ಲಿ ಅದು ಸುಮಾರು ಏಳು ಗಂಟೆಗೆ. ಅಂದರೆ ಎಲ್ಲರ ಸಲಹೆಯಂತೆ ಹೊರಡುವವರು ಇರುವುದರಲ್ಲೇ ಕೆಟ್ಟ ಹೊತ್ತನ್ನು ಆರಿಸಿಕೊಳ್ಳುತ್ತಾರೆ. ಹಳ್ಳ ದಾಟುವ ತಗ್ಗುಗಳಲ್ಲಿ ಚಳಿ ಥಟ್ಟನೆ ಏರುತ್ತಿತ್ತು. ತಣ್ಣನೆಯ ಗಾಳಿ ಭಾರ, ತಗ್ಗಿನಲ್ಲೇ ಬಂದು ನಿಲ್ಲುತ್ತದೆ. ಅಲ್ಲಿ ಮಂಜೂ ಇರುತ್ತದೆ, ವೇಗ ತಗ್ಗಿಸಿ. ಬೆರಳು ಬ್ರೇಕಿನ ಮೇಲೆ ತಡವರಿಸಲು ತೊಡಗಿದರೆ, ಮೈ ನಡುಕ ನಿಲ್ಲದಿದ್ದರೆ, ಮುಂದಿನ ಊರು ಬರಲಿ ಎಂದು ಕಾಯಬೇಡಿ. ಅಲ್ಲೇ ನಿಲ್ಲಿಸಿ, ಹತ್ತು ನಿಮಿಷ ನಡೆದಾಡಿ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳಿ. ಮರಗಟ್ಟಿದ ಬೆರಳನ್ನು ಸೈಲೆನ್ಸರಿಗೆ ಹಿಡಿದು ಕಾಯಿಸಬೇಡಿ. ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಚಳಿಗೆಂದು ಕುಡಿಯುವವರಿಗೂ ಒಂದು ಮಾತು: ಕುಡಿತ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಯ ಬಿಸಿಯನ್ನು ಹೊರಗೆ ಕಳಿಸುತ್ತದೆ. ಬಿಸಿ ಎನಿಸುವುದು ಭ್ರಮೆ, ಬೈಕಿನ ಮೇಲೆ ಪ್ರಾಣಕ್ಕೇ ಅಪಾಯ.

ಕೆರೆ ತಲುಪಿದಾಗ ನೀರಿನ ಮೇಲೆ ಕಂಡದ್ದು ಬೆರಳೆಣಿಕೆಯ ಹಕ್ಕಿಗಳು. ಹಿಮಾಲಯ ದಾಟಿ ಬರುವ ಈ ಹೆಬ್ಬಾತುಗಳು ರಾತ್ರಿ ಮತ್ತು ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಹಗಲು ನೀರಿನಲ್ಲಿ ವಿಶ್ರಮಿಸುತ್ತವೆ. ಬಿಸಿಲು ಹರಡಿದ ಮೇಲೆ ಒಂದೊಂದೇ ಸಾಲು ಕೂಗುತ್ತ ಬಂದು ಇಳಿಯತೊಡಗಿತು. ಒಂಬತ್ತರ ಹೊತ್ತಿಗೆ ಕೆರೆ ತುಂಬಿತ್ತು. ದಂಡೆಯ ಹತ್ತಿರವೇ ಇಳಿದ ಒಂದು ಹಕ್ಕಿ, ಬಿಳಿಯ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳು ಸ್ಪಷ್ಟವಾಗಿ ಕಾಣುವಂತೆ ತಿರುಗಿ, ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಸೇರಿಸಿಕೊಂಡು ಬಹಳ ಹೊತ್ತು ನಿಂತಿತು. ಹಾಗಾಗಿ ಗದಗಿನಲ್ಲಿ ರೂಮು ಹಿಡಿಯುವುದೇ ಬೇಡ. ಹುಬ್ಬಳ್ಳಿ, ಧಾರವಾಡದವರು ಬಿಸಿಲು ಬಿದ್ದ ಮೇಲೆ, ಏಳೂವರೆಗೆ ಹೊರಡಿ. ಹತ್ತರ ಸುಮಾರಿಗೆ ತಲುಪಿದರೂ ಹಕ್ಕಿಗಳು ಅಲ್ಲೇ ಇರುತ್ತವೆ. ಕೆಂಪು ಅಂಗಿ, ಗದ್ದಲ, ಹಾರ್ನ್ ಬೇಡ. ನವೆಂಬರಿನಿಂದ ಮಾರ್ಚ್‌ವರೆಗೆ ಇವು ಇಲ್ಲಿರುವ ಕಾಲ. ಫೆಬ್ರುವರಿಯಲ್ಲಿ ಚಳಿಯೂ ಇಳಿದಿರುತ್ತದೆ.

ಗದಗಿಗೆ ಮರಳುವ ದಾರಿಯಲ್ಲಿ ಊರು ಸೇರುವ ಮುನ್ನ ಎಡಕ್ಕೆ ತಗಡಿನ ಮಾಡಿನ ಒಂದು ಖಾನಾವಳಿ. ಹೆಸರಿನ ಹಲಗೆ ಇಲ್ಲ, ನಾಲ್ಕೇ ಬೆಂಚು. ನಾನು ಕೈ ಉಜ್ಜಿಕೊಳ್ಳುವುದನ್ನು ಕಂಡು ಒಲೆಯ ಮುಂದೆ ಕೂತಿದ್ದ ತಾಯಿ, ‘ಮೊದಲು ಇಲ್ಲಿ ಬಂದು ಕೈ ಕಾಯಿಸಿಕೊ ತಮ್ಮಾ, ಆಮೇಲೆ ರೊಟ್ಟಿ ಮುರಿ’ ಎಂದರು. ಬಿಳಿಜೋಳದ ಹಿಟ್ಟನ್ನು ಕೈಯಲ್ಲೇ ಬಡಿದು, ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ನೀರು ಸವರಿ, ಕೊನೆಗೆ ಕೆಂಡಕ್ಕೆ ಒರಗಿಸಿದರೆ ರೊಟ್ಟಿ ಉಬ್ಬಿ ನಿಲ್ಲುತ್ತಿತ್ತು. ಅದು ತಟ್ಟೆಗೆ ಬಿದ್ದು ಉಗಿ ಬಿಡುವಾಗಲೇ ಎಣ್ಣೆಗಾಯಿ, ಝುಣಕ, ಕೆನೆಮೊಸರು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು. ಎಣ್ಣೆಗಾಯಿಯ ಬದನೆ ಎಳೆಯದು, ತೊಟ್ಟಿನ ಸಮೇತ ಬೆಂದಿತ್ತು; ಒಳಗಿನ ಮಸಾಲೆಯಲ್ಲಿ ಎಳ್ಳಿನ ಘಮ. ಗುರೆಳ್ಳಿನ ಖಾರ ಕಿವಿಯವರೆಗೆ ಬಿಸಿ ಏರಿಸಿತು. ಬೇಡವೆಂದರೂ ಇನ್ನೊಂದು ರೊಟ್ಟಿ ಬಂತು, ಕೇಳದೆಯೇ ಅನ್ನಕ್ಕೆ ಬಿಸಿ ಕಟ್ಟಿನ ಸಾರು ಬಂತು. ಎಷ್ಟಾಯಿತು ಅವ್ವಾರೆ ಎಂದರೆ ತಲೆಗೆ 70 ರೂಪಾಯಿ ಎಂದರು. ರಾತ್ರಿಯ ಲಾಡ್ಜಿನ ನೆನಪಾಗಿ ಹೊಟ್ಟೆ ಉರಿಯಿತು. ಹತ್ತು ಗಂಟೆಗೆ ಮೊದಲು ಒಲೆ ಹೊತ್ತುವುದಿಲ್ಲ, ಎರಡರ ಮೇಲೆ ರೊಟ್ಟಿ ಉಳಿದಿರುವುದಿಲ್ಲ, ಅದಕ್ಕೆ ತಕ್ಕಂತೆ ನಿಮ್ಮ ಹೊತ್ತು ಹೊಂದಿಸಿಕೊಳ್ಳಿ.

ಗದಗಿನ ಹತ್ತಿರದ ಲಕ್ಕುಂಡಿಯ ಹಳೆಯ ಗುಡಿಗಳ ಬಗ್ಗೆ ಬರೆದವರು ಬಹಳ ಇದ್ದಾರೆ. ಗದಗಿನ ತ್ರಿಕೂಟೇಶ್ವರ ದೇವಸ್ಥಾನಕ್ಕೆ ಹೋಗುವವರಿಗೆ ಮಾತ್ರ ಒಂದು ಸೂಚನೆ: ಬೆಳಗಿನ ಹೊತ್ತು ಕಲ್ಲಿನ ನೆಲ ಬರಿಗಾಲನ್ನು ಕೊರೆಯುತ್ತದೆ. ಆ ತಣ್ಣನೆಯ ಕಾಲನ್ನು ಬೂಟಿನೊಳಗೆ ಸೇರಿಸಿ ಬೈಕ್ ಹತ್ತಿದರೆ ಮತ್ತೆ ಬಿಸಿಯಾಗಲು ಅರ್ಧ ತಾಸು ಬೇಕು. ದೇವಸ್ಥಾನವನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಮರಳುವಾಗ ಗಾಳಿ ಬೆನ್ನಿಗಿರುತ್ತದೆ, ಬಿಸಿಲೂ ಇರುತ್ತದೆ. ರೇನ್‌ಕೋಟ್ ಮಡಚಿ ಸೀಟಿಗೆ ಕಟ್ಟಿಬಿಡಬಹುದು. ಆದರೆ ಪಡುವಣಕ್ಕೆ ಮುಖ ಮಾಡಿ ಹೋಗುವುದರಿಂದ ನಾಲ್ಕೂವರೆಯ ಮೇಲೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಹತ್ತಿ ಹೇರಿದ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ರಸ್ತೆಗೆ ಬರುವುದೂ ಕತ್ತಲಾಗುವ ಹೊತ್ತಿಗೆ. ಕೆಲವೆಡೆ ರೈತರು ಒಕ್ಕಣೆಗೆ ಫಸಲನ್ನು ಡಾಂಬರಿನ ಮೇಲೆ ಹರಡಿರುತ್ತಾರೆ, ಬೈಕಿನ ಚಕ್ರ ಜಾರುತ್ತದೆ. ಮೂರು ಗಂಟೆಗೆ ಗದಗ ಬಿಟ್ಟರೆ ಬೆಳಕಿರುವಾಗಲೇ ಹುಬ್ಬಳ್ಳಿ ಸೇರಬಹುದು.