ತುಡುವೆ ರಾಣಿ ಬೆಳೆಸುವ ಕಸುಬು: ಕೈಚಳಕಕ್ಕಿಂತ ಲೆಕ್ಕವೇ ಹೆಚ್ಚು

ಇಟಾಲಿಯನ್ ಜೇನಿನಲ್ಲಿ ರಾಣಿಯನ್ನು ಪುಟ್ಟ ಪಂಜರದಲ್ಲಿಟ್ಟು ಮಾರುವುದುಂಟು. ನಮ್ಮ ನಾಡಿನ ಪೆಟ್ಟಿಗೆ ಜೇನಾದ ತುಡುವೆಯಲ್ಲಿ ಆ ವ್ಯಾಪಾರ ನಡೆಯುವುದು ಕಷ್ಟ. ಇಲ್ಲಿ ಕೊಳ್ಳುವವರಿಗೆ ಬೇಕಾಗಿರುವುದು ಕುಟುಂಬ: ಮೊಟ್ಟೆಯಿಡುತ್ತಿರುವ ಹೊಸ ರಾಣಿ, ಮೂರು ನಾಲ್ಕು ಎರಿ (ಮೇಣದ ಕಣಗಳ ಫಲಕ), ರೋಗವಿಲ್ಲದ ಮರಿ. ಹಾಗಾಗಿ ರಾಣಿ ಬೆಳೆಸುವವನು ರೋಗ ಗುರುತಿಸುವವನೂ ಆಗಿರಲೇಬೇಕು. 1991–92ರಲ್ಲಿ ಮರಿಹುಳು ಕೊಲ್ಲುವ ವೈರಸ್ ರೋಗ ಥಾಯ್ ಸ್ಯಾಕ್‌ಬ್ರೂಡ್ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳ ಬಹುಪಾಲು ಅಳಿದಾಗ, ಕೊಡಗಿನಲ್ಲೂ ಕರಾವಳಿಯಲ್ಲೂ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿ ಬಿದ್ದವು. ಈಗ ನಮ್ಮ ಪೆಟ್ಟಿಗೆಗಳಲ್ಲಿ ಇರುವುದು ಅದನ್ನು ದಾಟಿ ಉಳಿದ ಸಂತತಿ. ಅದರಲ್ಲಿ ಯಾವುದನ್ನು ಮುಂದುವರಿಸಬೇಕು ಎಂದು ಆರಿಸುವುದೇ ಈ ಕಸುಬು.

ಪಾಲಾಗಲು, ಅಂದರೆ ಗುಂಪು ಒಡೆದು ಹಾರಲು ಹೊರಟ ಕುಟುಂಬದ ರಾಣಿಕೋಶ (ರಾಣಿ ಮರಿ ಬೆಳೆಯುವ ಕಣ) ಕತ್ತರಿಸಿ ಬೇರೆ ಪೆಟ್ಟಿಗೆಗೆ ಕೊಡುವುದು ಎಲ್ಲರೂ ಮಾಡುವ ಕೆಲಸ. ಸುಲಭ, ಕೋಶಗಳೂ ಪುಷ್ಟವಾಗಿರುತ್ತವೆ. ಆದರೆ ವರ್ಷಗಟ್ಟಲೆ ಹೀಗೇ ಮಾಡಿದರೆ ಪಾಲಾಗುವ ಚಾಳಿಯನ್ನೇ ಆರಿಸಿ ಬೆಳೆಸಿದಂತಾಗುತ್ತದೆ. ಆರು ಎರಿ ತುಂಬುವ ಮೊದಲೇ ಹಾರಲು ಸಿದ್ಧವಾಗುವ ಕುಟುಂಬವನ್ನು ಮಾರಿದವನ ಬಳಿಗೆ ಗಿರಾಕಿ ಎರಡನೇ ಸಲ ಬರುವುದಿಲ್ಲ.

ಅದರ ಬದಲು ಗ್ರಾಫ್ಟಿಂಗ್ ಮಾಡುವುದಾದರೆ, ಅಂದರೆ ಆರಿಸಿದ ಕುಟುಂಬದ ಎಳೆ ಹುಳುವನ್ನು ಎತ್ತಿ ಮೇಣದ ಬಟ್ಟಲಿಗೆ ಇಳಿಸಿ ರಾಣಿ ಬೆಳೆಸುವುದಾದರೆ, ಲೆಕ್ಕವನ್ನು ಗಂಡುನೊಣದಿಂದ ಶುರುಮಾಡಿ. ಗಂಡುನೊಣ ಮೊಟ್ಟೆಯಿಂದ ಹೊರಬರಲು ಸುಮಾರು 24 ದಿನ, ಹಾರಿ ಕೂಡುವಷ್ಟು ಬಲಿಯಲು ಮತ್ತೆ 10–12 ದಿನ. ರಾಣಿಗೆ ಮೊಟ್ಟೆಯಿಂದ 15–16 ದಿನ ಸಾಕು; ಹೊರಬಂದು 5–8 ದಿನಕ್ಕೆ ಹಾರುತ್ತದೆ. ಎರಡನ್ನೂ ಹೊಂದಿಸಲು ಒಂದು ಸುಲಭ ಗುರುತಿದೆ. ತುದಿಯಲ್ಲಿ ಸಣ್ಣ ತೂತಿರುವ, ಉಬ್ಬಿದ ಮುಚ್ಚಳದ ಗಂಡು ಕಣವೊಂದನ್ನು ಬಿಡಿಸಿ ನೋಡಿ. ಒಳಗಿನ ಮರಿಯ ಕಣ್ಣು ನೇರಳೆಗೆ ತಿರುಗಿದ್ದರೆ ಅಂದೇ ಗ್ರಾಫ್ಟಿಂಗ್ ಮಾಡಬಹುದು. ಕಣ್ಣಿನ್ನೂ ಬೆಳ್ಳಗಿದ್ದರೆ ತಡೆಯಿರಿ. ಅವಸರಪಟ್ಟರೆ ಕನ್ನಿರಾಣಿಗೆ ಗಂಡು ಸಿಗದೆ, ಕೊನೆಗೆ ಅದು ಬರೀ ಗಂಡುಮೊಟ್ಟೆಯಿಡುತ್ತದೆ.

ಮೇಣದ ಬಟ್ಟಲಿನ ಒಳವ್ಯಾಸ ಸುಮಾರು 7 ಮಿ.ಮೀ. ಇರಲಿ. ಇಟಾಲಿಯನ್ ಜೇನಿಗೆಂದು ಸಿಗುವ 9 ಮಿ.ಮೀ.ಯ ಪ್ಲಾಸ್ಟಿಕ್ ಬಟ್ಟಲು ತುಡುವೆಗೆ ಸಡಿಲ. ನುಣುಪಾದ ಮರದ ಕಡ್ಡಿಯನ್ನು ನೀರಲ್ಲಿ ನೆನೆಸಿ, ಕರಗಿದ ಮೇಣದಲ್ಲಿ ಮೂರು ನಾಲ್ಕು ಸಲ ಅದ್ದಿ ತೆಗೆದರೆ ಬಟ್ಟಲು ಸಿದ್ಧ. ತಳಕ್ಕೆ ಅರ್ಧಕ್ಕರ್ಧ ನೀರು ಬೆರೆಸಿದ ರಾಜಶಾಹಿ ರಸದ (ರಾಯಲ್ ಜೆಲ್ಲಿ) ಒಂದು ಹನಿ. ಎತ್ತುವ ಹುಳು ಮೊಟ್ಟೆಯೊಡೆದು ಹೊರಬಂದು ಒಂದು ದಿನ ಮೀರಿರಬಾರದು. ಬಾಗಿದ ಅಲ್ಪವಿರಾಮದಷ್ಟೇ ಇರಬೇಕು. ಯಾವ ಮಗ್ಗುಲಲ್ಲಿ ಮಲಗಿತ್ತೋ ಅದೇ ಮಗ್ಗುಲಲ್ಲಿ ಇಳಿಸಿ. ಮಗುಚಿದರೆ ಉಸಿರಾಟದ ರಂಧ್ರ ರಸದಲ್ಲಿ ಮುಳುಗಿ ಸಾಯುತ್ತದೆ. ಬಿಸಿಲು, ಗಾಳಿ ತಾಗದಂತೆ ಒದ್ದೆ ಬಟ್ಟೆ ಮುಚ್ಚಿಕೊಳ್ಳಿ.

ರಾಣಿ ತೆಗೆದ ಬಲವಾದ ಕುಟುಂಬಕ್ಕೆ ಒಮ್ಮೆಗೆ 10–15 ಬಟ್ಟಲು ಸಾಕು. ರಾಣಿಯಿಲ್ಲದಾಗ ನೊಣಗಳು ತಾವೇ ಕಟ್ಟುವ ತುರ್ತು ರಾಣಿಕೋಶ ಒಂದೇ ಒಂದು ಎರಿಯ ಮೂಲೆಯಲ್ಲಿ ಉಳಿದರೂ ಅದು ಮೊದಲು ಹೊರಬಂದು ನಿಮ್ಮ ಎಲ್ಲ ಕೋಶಗಳನ್ನೂ ಕೊರೆದು ಹಾಕುತ್ತದೆ. ಆದ್ದರಿಂದ ನೊಣಗಳನ್ನು ಉದುರಿಸಿ ಪ್ರತಿ ಎರಿಯನ್ನೂ ನೋಡಬೇಕು. ಇನ್ನೊಂದು ತೊಂದರೆ ತುಡುವೆಗೇ ವಿಶೇಷ. ರಾಣಿಯಿಲ್ಲದ ವಾರದೊಳಗೇ ಕೆಲಸದ ನೊಣಗಳ ಅಂಡಾಶಯ ಚುರುಕಾಗತೊಡಗುತ್ತದೆ. ಒಂದು ಕಣದಲ್ಲಿ ಎರಡು ಮೂರು ಮೊಟ್ಟೆ, ಅದೂ ಗೋಡೆಗೆ ಅಂಟಿದ್ದರೆ ಆ ಕುಟುಂಬ ಕೋಶ ಸಾಕುವ ಕೆಲಸಕ್ಕೆ ಬಾರದು. ನಾಲ್ಕೈದು ದಿನಕ್ಕೊಮ್ಮೆ ತೆರೆದ ಮರಿಯ ಎರಿ ಕೊಡುತ್ತಿದ್ದರೆ ಹೀಗಾಗುವುದು ತಪ್ಪುತ್ತದೆ.

ಗ್ರಾಫ್ಟಿಂಗ್ ಆದ 9–10ನೇ ದಿನ ಕೋಶವನ್ನು ಎರಡು ಎರಿಯ ಪುಟ್ಟ ಪೆಟ್ಟಿಗೆಗೆ ವರ್ಗಾಯಿಸಿ. ಅದರಲ್ಲಿ ಅಂಗೈಯಗಲ ಎಳೆ ಮರಿ ಇರಲಿ, ಇಲ್ಲವಾದರೆ ರಾಣಿ ಹಾರುವ ದಿನ ಇಡೀ ಗುಂಪು ಅದರ ಹಿಂದೆಯೇ ಹೊರಟುಬಿಡುತ್ತದೆ. ಪೆಟ್ಟಿಗೆಗಳ ಬಾಗಿಲು ಬೇರೆ ಬೇರೆ ದಿಕ್ಕಿಗಿರಲಿ. ಕಾಲಿಗೆ ಇರುವೆ ತಡೆಯುವ ನೀರಿನ ಬಟ್ಟಲು ಬೇಕು. ಕಳ್ಳಿಪೀರ ಹಕ್ಕಿಗಳು ತಂತಿಯ ಮೇಲೆ ಕೂತು ಕಾಯುವ ಜಾಗವಂತೂ ಬೇಡವೇ ಬೇಡ.

ಇನ್ನು ರೋಗ. ಸ್ಯಾಕ್‌ಬ್ರೂಡ್‌ನಲ್ಲಿ ಹುಳು ಕಣದಲ್ಲಿ ಉದ್ದಕ್ಕೆ ಚಾಚಿ, ತಲೆ ಮೇಲೆತ್ತಿ ಸತ್ತಿರುತ್ತದೆ. ಚಿಮುಟದಿಂದ ಎಳೆದರೆ ನೀರು ತುಂಬಿದ ಚೀಲದಂತೆ ಇಡಿಯಾಗಿ ಬರುತ್ತದೆ. ಒಣಗಿದರೆ ದೋಣಿಯಾಕಾರದ ಕಪ್ಪು ಸಿಪ್ಪೆ. ಇನ್ನೂ ಸುರುಳಿಯಾಗಿರುವಾಗಲೇ ಹಳದಿಗಟ್ಟಿ ಸತ್ತು, ಹುಳಿ ವಾಸನೆಯಿದ್ದರೆ ಅದು ಯುರೋಪಿಯನ್ ಫೌಲ್‌ಬ್ರೂಡ್, ಬ್ಯಾಕ್ಟೀರಿಯಾದ್ದು. ಸ್ಯಾಕ್‌ಬ್ರೂಡ್ ವೈರಸ್, ಅದಕ್ಕೆ ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧವಾದ ಟೆಟ್ರಾಸೈಕ್ಲಿನ್ ಕಲಸಿದ ಪಾಕ ಕೊಡುವುದು ಶುದ್ಧ ದಂಡ, ಜೇನಿನಲ್ಲಿ ಔಷಧದ ಶೇಷ ಉಳಿಯುವುದೊಂದೇ ಲಾಭ!

ಕೆಲಸಕ್ಕೆ ಬರುವುದು ರಾಣಿ ಬದಲಾವಣೆ. ಹಳೆ ರಾಣಿಯನ್ನು ತೆಗೆದು ಮರುದಿನ ಬಲಿತ ಕೋಶ ಕೊಡಿ. ಐದನೇ ದಿನ ತುರ್ತು ಕೋಶಗಳನ್ನು ಕಿತ್ತುಹಾಕಿ. ಹಳೆ ರಾಣಿಯ ಕೊನೆಯ ಮೊಟ್ಟೆಯ ಹುಳುವಿನ ಕಣಕ್ಕೆ 8–9ನೇ ದಿನಕ್ಕೆ ಮುಚ್ಚಳ ಬೀಳುತ್ತದೆ, ಹೊಸ ರಾಣಿಯ ಮೊದಲ ಹುಳು ಕಾಣುವುದು ಎರಡು ವಾರದ ಹೊತ್ತಿಗೆ. ನಡುವಿನ ನಾಲ್ಕೈದು ದಿನ ವೈರಸ್‌ಗೆ ಎಳೆ ಹುಳುವೇ ಸಿಗುವುದಿಲ್ಲ, ನೊಣಗಳು ಕಣ ತೊಳೆದುಕೊಳ್ಳುತ್ತವೆ. ರೋಗದ ಎರಿ ಸುಡಿ. ಅದನ್ನು ಬೇರೆ ಪೆಟ್ಟಿಗೆಗೆ ದಾಟಿಸುವ ಉಳಿತಾಯ ಬೇಡ.

ತಾಯಿ ಕುಟುಂಬ ಆರಿಸಲು ಮುಚ್ಚಿದ 100 ಕೆಲಸದ ಮರಿ ಕಣಗಳಿಗೆ ಸಣ್ಣ ಸೂಜಿ ಚುಚ್ಚಿ, ಸತ್ತ ಮರಿಯನ್ನು ನೊಣಗಳು ಎತ್ತಿಹಾಕಿ 12 ಮತ್ತು 24 ಗಂಟೆಗೆ ಎಷ್ಟು ಕಣ ಖಾಲಿಯಾಗಿವೆ ಎಂದು ಎಣಿಸಿ. ತುಡುವೆ ಶುಚಿತ್ವಕ್ಕೆ ಹೆಸರಾದ್ದರಿಂದ ಕುಟುಂಬಗಳ ನಡುವಿನ ವ್ಯತ್ಯಾಸ 12 ಗಂಟೆಯಲ್ಲೇ ಹೆಚ್ಚು ಕಾಣುತ್ತದೆ. ಗೆದ್ದದ್ದೊಂದನ್ನೇ ತಾಯಿ ಮಾಡಿಕೊಳ್ಳುವ ಆಸೆ ಸಹಜ. ಆದರೆ ಎಲ್ಲ ರಾಣಿಗಳೂ ಅಕ್ಕತಂಗಿಯರಾಗಿ, ಗಂಡುನೊಣಗಳೂ ಅದೇ ಮನೆಯವಾದರೆ ಮರಿ ಎರಿ ಅಲ್ಲಲ್ಲಿ ಖಾಲಿ ಬಿದ್ದು ಜರಡಿಯಂತಾಗುತ್ತದೆ. ನೋಡಿದವರು ಅದನ್ನೂ ರೋಗವೆಂದೇ ಭಾವಿಸುತ್ತಾರೆ. ವಾಸ್ತವವಾಗಿ ಅದು ರಕ್ತಸಂಬಂಧದ ಕೂಡುವಿಕೆಯಿಂದ ಹುಟ್ಟಿದ ಗಂಡುಹುಳುಗಳನ್ನು ನೊಣಗಳೇ ತಿಂದುಹಾಕಿದ ಗುರುತು. ಕನಿಷ್ಠ ನಾಲ್ಕೈದು ತಾಯಿ ಇರಲಿ, ಗಂಡುಗಳನ್ನು ಬೇರೆ ಕುಟುಂಬಗಳಲ್ಲಿ ಬೆಳೆಸಿ.

ಮಾರುವ ಮುನ್ನ ಹೊಸ ರಾಣಿಯ ಮರಿ ಮುಚ್ಚಿಕೊಳ್ಳುವವರೆಗೆ, ಅಂದರೆ ಮೊಟ್ಟೆಯಿಡಲು ತೊಡಗಿ 10 ದಿನ ಕಾಯಬೇಕು. ಮುಚ್ಚಳ ಸಮತಟ್ಟಾಗಿದ್ದರೆ ರಾಣಿ ಕೂಡಿದೆ ಎಂದರ್ಥ. ಗ್ರಾಫ್ಟಿಂಗ್‌ನಿಂದ ಅಲ್ಲಿಗೆ ಒಂದು ತಿಂಗಳ ಮೇಲಾಗುತ್ತದೆ. ಮುಂಗಡ ಹಣ ಪಡೆಯುವಾಗಲೇ ಇದನ್ನು ಹೇಳಿಬಿಡಿ. ಬೇರೆಯವರ ತೋಟಕ್ಕೆ ಪೆಟ್ಟಿಗೆ ಪರೀಕ್ಷೆಗೆ ಹೋಗುವುದಾದರೆ ಶುಲ್ಕವನ್ನು ಭೇಟಿಗೆ ನಿಗದಿಮಾಡಿ. ಪೆಟ್ಟಿಗೆಗಿಷ್ಟು ಎಂದರೆ ಯಜಮಾನರು ರೋಗ ಕಂಡ ಎರಡನ್ನೇ ತೋರಿಸುತ್ತಾರೆ, ಸೋಂಕು ಹರಡುತ್ತಿರುವ ಮೂರನೆಯದು ಅಡಕೆ ಮರದಾಚೆ ಉಳಿದಿರುತ್ತದೆ. ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಉಳಿ, ಕೈ ಎರಡನ್ನೂ ವಾಷಿಂಗ್ ಸೋಡಾ ನೀರಲ್ಲಿ ತೊಳೆದುಕೊಳ್ಳಿ, ಅದೂ ಯಜಮಾನರ ಎದುರಲ್ಲೇ.