ಬೀದರ ಕೋಟೆಯಿಂದ ಕಲಬುರಗಿತನಕ ಸುರಂಗ

ಬೀದರ ಕೋಟೆಗೆ ಹೋದವರ ಕಿವಿಗೆ ಇದು ಬೀಳದೇ ಇರುವುದು ಕಷ್ಟ: 'ಇಲ್ಲಿಂದ ಕಲಬುರಗಿತನಕ ಸುರಂಗ ಅದರಿ, ಸುಲ್ತಾನರು ಕುದುರಿ ಮ್ಯಾಲೆ ಹೋಗತಿದ್ರು.'

ಗಪ್ಪಾ ಎಂದು ನಕ್ಕುಬಿಡಬಹುದು. ಲೆಕ್ಕ ಹಾಕಿದರೆ ಇನ್ನೂ ಮಜಾ. ಸವಾರ ತಲೆ ಬಗ್ಗಿಸದೆ ಹೋಗಲು ಎರಡೂವರೆ ಮೀಟರ್ ಎತ್ತರ, ಎರಡು ಮೀಟರ್ ಅಗಲವಾದರೂ ಬೇಕು. ದೂರ ಸುಮಾರು 110 ಕಿ.ಮೀ. ಅಗೆಯಬೇಕಾದದ್ದು ಐದೂವರೆ ಲಕ್ಷ ಘನ ಮೀಟರ್. ಹತ್ತು ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ 55 ಸಾವಿರ ಲೋಡು. ಅಗೆದ ಮಣ್ಣು ಉಬ್ಬುವುದರಿಂದ ಇನ್ನೂ ಜಾಸ್ತಿಯೇ. ಆ ದಿಬ್ಬ ಎಲ್ಲಿ ಹೋಯಿತು? ಕುದುರೆಗೂ ದೀವಟಿಗೆಗೂ ಗಾಳಿ ಎಲ್ಲಿಂದ ಬರುತ್ತಿತ್ತು?

ಆದರೆ ಬೀದರದಲ್ಲಿ ಸುರಂಗ ಇರುವುದಂತೂ ಖರೇ. ನೌಬಾದಿನ ಕರೇಜ್, ಅಂದರೆ ನೆಲದಡಿಯ ನೀರಿನ ಕಾಲುವೆ, ಊರವರ ಬಾಯಲ್ಲಿ ಸುರಂಗ ಬಾವಿ, ಬಹಮನಿ ಕಾಲದ್ದು. ಉದ್ದ ಸುಮಾರು 3 ಕಿ.ಮೀ., ದಾರಿಯುದ್ದಕ್ಕೂ 21 ಗಾಳಿಬಾವಿ. ಇಲ್ಲಿನ ಕೆಂಪುಕಲ್ಲು ಮಳೆನೀರು ಕುಡಿಯುತ್ತದೆ, ಕೆಳಗಿನ ಕರಿಕಲ್ಲು ಅದನ್ನು ತಡೆಯುತ್ತದೆ. ಆ ನೀರಿಗೆ ಮೊದಲ ಬಾವಿ ತೋಡಿ, ಅಲ್ಲಿಂದ ತುಸುವೇ ಇಳಿಜಾರಿನಲ್ಲಿ ಸುರಂಗ ಕೊರೆದರೆ ಎತ್ತೂ ಬೇಡ, ಕಪಿಲೆಯೂ ಬೇಡ, ನೀರು ತಾನೇ ಹರಿಯುತ್ತದೆ. ಇಳಿಜಾರು ಜಾಸ್ತಿಯಾದರೆ ನೀರು ತಳ ಕೊರೆಯುತ್ತದೆ, ಕಮ್ಮಿಯಾದರೆ ಹೂಳು ಕೂರುತ್ತದೆ. ಮಣ್ಣು ಮೇಲೆತ್ತಿದ್ದೂ ಗಾಳಿ ಬಿಟ್ಟದ್ದೂ ಆಮೇಲೆ ಹೂಳು ತೆಗೆಯಲು ಇಳಿದದ್ದೂ ಅವೇ ಬಾವಿಗಳಿಂದ. ಅವುಗಳಿಗೆ ಕಸ ಸುರಿದರೆ ಸುರಂಗ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡು ನೀರು ನಿಂತ ಮೇಲೆ ಉಳಿಯುವುದು ಒಂದು ಕತ್ತಲ ಬಾಯಿ, ಮತ್ತು ಅದರೊಳಕ್ಕೆ ಯಾರೂ ಇಳಿಯದ ಧೈರ್ಯದ ಮೇಲೆ ಹೇಳುವ 110 ಕಿ.ಮೀ.

ಇನ್ನೊಂದು ಜಾತಿಯ ಕಥೆಗೆ ಕಾಲಿರುತ್ತದೆ. ಬಹಮನಿ ಸುಲ್ತಾನ ಅಹ್ಮದ್ ಶಾ ಬೇಟೆಗೆ ಬಂದಾಗ ನರಿಯೇ (ಕೆಲವರು ಮೊಲ ಅನ್ನುತ್ತಾರೆ) ನಾಯಿಯ ಮೇಲೆ ತಿರುಗಿಬಿತ್ತಂತೆ, 'ಇದು ಗಂಡುಮೆಟ್ಟಿದ ನೆಲ' ಎಂದು ಅವನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನಂತೆ. ಹಂಪಿಯಲ್ಲಿ ಹಕ್ಕ-ಬುಕ್ಕರ ನಾಯಿಗೂ ಇದೇ ಗತಿ, ಗುಜರಾತಿನ ಅಹಮದಾಬಾದಿನಲ್ಲೂ ಇದೇ ಮೊಲ. ಹೆಸರು ಅಳಿಸಿ ಬೇರೆ ಊರಿನ ಹೆಸರು ಬರೆದರೂ ಒಂದಕ್ಷರ ಕೆಡದ ಕಥೆ ಯಾವ ಊರಿನದೂ ಅಲ್ಲ. ರಾಜಧಾನಿ ಬದಲಾದದ್ದು ಮಾತ್ರ ನಿಜ.

ಮೊದಲ ಬಹಮನಿ ಸುಲ್ತಾನ ಹಸನ್ ಗಂಗೂನ ಕಥೆಯದು ಬೇರೆ ಸಮಸ್ಯೆ. ಗಂಗೂ ಎಂಬ ಬ್ರಾಹ್ಮಣ ಜೋಯಿಸನ ಹೊಲ ಉಳುವಾಗ ಚಿನ್ನದ ಕೊಡ ಸಿಕ್ಕಿತು, ಆಳಾಗಿದ್ದ ಹಸನ್ ಅದನ್ನು ಒಡೆಯನಿಗೇ ಒಪ್ಪಿಸಿದ, ಮುಂದೆ ಸುಲ್ತಾನನಾದ. ಕಲಬುರಗಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಈ ಕಥೆ ಬರೆದ ಇತಿಹಾಸಕಾರ ಫಿರಿಷ್ತಾ ಎರಡೂವರೆ ಶತಮಾನ ಆಮೇಲಿನವನು. ಸುಲ್ತಾನನ ಕಡೆಯವರು ಹೇಳಿಕೊಂಡದ್ದು ಇರಾನಿನ ಪುರಾಣದ ಬಹಮನನ ವಂಶವನ್ನು. ಅದೂ ಗಪ್ಪಾ ಇದ್ದೀತು, ಆದರೆ ಅವರ ಕಾಲದ್ದೇ ಗಪ್ಪಾ.

ಹಾಗಂತ ಫಿರಿಷ್ತಾನನ್ನು ಪೂರ್ತಿ ಬದಿಗಿಡಲು ಬರುವುದಿಲ್ಲ. ಬಹಮನಿ ವಜೀರ ಮಹಮೂದ್ ಗವಾನನ ಸಾವಿನ ವಿವರ ಹೇಳುವವನೂ ಅವನೇ: ಗವಾನನ ವೈರಿಗಳು ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಹಾಳೆಗೆ ಗವಾನನ ಮುದ್ರೆ ಒತ್ತಿಸಿಕೊಂಡರು, ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಆಮೇಲೆ ಅದರ ಮೇಲೆ ಬರೆದರು. ಸುಲ್ತಾನ ಪತ್ರ ತೋರಿಸಿದಾಗ ಗವಾನ್ ಹೇಳಿದ್ದು ಇಷ್ಟೇ: ಮುದ್ರೆ ನನ್ನದು, ಪತ್ರ ನನ್ನದಲ್ಲ. 1481ರಲ್ಲಿ ಅವನ ತಲೆ ಹೋಯಿತು.