ಬುಧವಾರ 11 ಗಂಟೆಗೆ

14 ಮಾರ್ಚ್ 2024, ಗುರುವಾರ

ಬೆಳಿಗ್ಗೆ ಚೆನ್ನಾಗಿ ಮುಗ್ಗರಿಸಿದೆ. ಹೂಡಿಕೆದಾರರ ಮುಂದೆ ತಮ್ಮ ತಮ್ಮ ಕೆಲಸದ ಬಗ್ಗೆ ಹೇಳೋಕೆ ಒಬ್ಬೊಬ್ಬರಿಗೂ 1 ನಿಮಿಷ. "ನಾನು ಎಂಜಿನಿಯರ್, ಮೂರು ವರ್ಷದಿಂದ ನಮ್ಮ ತಂಡ..." ಅಂತ ಶುರು ಮಾಡಿದೆ. ಎರಡನೇ ವಾಕ್ಯಕ್ಕೇ ಎದುರಿಗಿದ್ದವರ ಕಣ್ಣು ಫೋನಿಗೆ ಹೋಯಿತು. ಗಂಟೆ ಹೊಡೆದಾಗ ನಾನಿನ್ನೂ ನಮ್ಮ ಸಾಧನದ ಸೆನ್ಸರ್ ವರ್ಣನೆಯಲ್ಲೇ ಇದ್ದೆ. "ಚೆನ್ನಾಗಿದೆ, ನೋಡೋಣ" ಅಂದರು. ಆ 'ನೋಡೋಣ'ದ ಅರ್ಥ ಎಲ್ಲರಿಗೂ ಗೊತ್ತು, ಅಲ್ವಾ?

ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಅದೇ ಮಾತನ್ನು ಪೂರ್ತಿ ಹೇಳಿ ಫೋನಿನಲ್ಲಿ ಅಳೆದೆ. 1 ನಿಮಿಷ 50 ಸೆಕೆಂಡ್! ತಂಡದ ಕಥೆ ಹೊಡೆದುಹಾಕಿದೆ. ಸೆನ್ಸರ್ ಹೋಯಿತು. 'ಕ್ರಾಂತಿ' ಅನ್ನೋ ಪದವೂ ಹೋಯಿತು (ಅದು ಹೋಗಿದ್ದಕ್ಕೆ ನನಗೇ ಜಾಸ್ತಿ ಖುಷಿ).

ಇಂಥ ಮಾತಿಗೆ ಎಲಿವೇಟರ್ ಪಿಚ್ ಅಂತಾರೆ. ಲಿಫ್ಟ್ ಮೇಲೆ ಹೋಗುವಷ್ಟರಲ್ಲಿ ಹೇಳಿ ಮುಗಿಸಬೇಕು. ಲಿಫ್ಟ್ ಅಂದಾಗ ಎಲಿಷಾ ಓಟಿಸ್ ನೆನಪಾದ. 1854ರಲ್ಲಿ ನ್ಯೂಯಾರ್ಕ್‌ನ ವಸ್ತುಪ್ರದರ್ಶನದಲ್ಲಿ ಎತ್ತರದ ಹಲಗೆ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗವನ್ನೇ ಕಡಿಸಿದ. ಅವನೇ ಮಾಡಿದ ಬ್ರೇಕ್ ಹಿಡಿದು ಹಲಗೆ ಕೆಳಗೆ ಬೀಳದೆ ನಿಂತಿತು. ಇನ್ನು ಬ್ರೇಕ್ ಬಗ್ಗೆ ಭಾಷಣ ಯಾಕೆ ಬೇಕು? ನನ್ನ ಹತ್ತಿರ ಕಡಿಯೋಕೆ ಹಗ್ಗ ಇರಲಿಲ್ಲ. ಬ್ಯಾಗಿನಲ್ಲಿ ಪುಟ್ಟ ಗಾಜಿನ ಬಾಟಲಿ ಇತ್ತು. ಅದಕ್ಕೆ ನೀರು ತುಂಬಿಕೊಂಡೆ.

ಸಂಜೆ ಇನ್ನೊಬ್ಬ ಹೂಡಿಕೆದಾರರು ಸಿಕ್ಕರು. ಹೆಸರು ಹೇಳಿ ಬಾಟಲಿ ಕೈಗಿಟ್ಟೆ. "ಇದು ಲಸಿಕೆ ಅಂದ್ಕೊಳ್ಳಿ ಸರ್. ದಾರಿಯಲ್ಲಿ ಒಂದು ಸಲ ಹೆಪ್ಪುಗಟ್ಟಿತ್ತಾ, ನೋಡಿ ಹೇಳ್ತೀರಾ?"

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ಕನ್ನಡಕ ಮೇಲೇರಿಸಿ ಮತ್ತೆ ನೋಡಿದರು. ಬಾಯಿ ತೆರೆಯದೆ ಕಾಯೋದು ಎಷ್ಟು ಕಷ್ಟ!

"ಗೊತ್ತಾಗಲ್ಲ" ಅಂದರು.

"ಸಾಮಾನ್ಯವಾಗಿ ಲಸಿಕೆಗಳನ್ನ 2ರಿಂದ 8 ಡಿಗ್ರಿ ಒಳಗೆ ಇಡಬೇಕು. ಕೆಲವು ಒಮ್ಮೆ ಹೆಪ್ಪುಗಟ್ಟಿದರೆ ಮುಗೀತು, ಕೊಟ್ಟರೂ ಪ್ರಯೋಜನ ಇಲ್ಲ. ನಮ್ಮ ಸಾಧನ ಪೆಟ್ಟಿಗೆಯೊಳಗೇ ಕೂತು ದಾರಿಯುದ್ದಕ್ಕೂ ಉಷ್ಣತೆ ಬರೆದಿಡುತ್ತೆ. ಮಂಗಳವಾರ 15 ನಿಮಿಷ ಕೊಡಿ, ತಂದು ತೋರಿಸ್ತೀನಿ."

ಅಷ್ಟೇ. ಹಣದ ಮಾತೇ ಎತ್ತಲಿಲ್ಲ. ಬೆಳಿಗ್ಗೆ ಒಂದೇ ನಿಮಿಷದಲ್ಲಿ ಹೂಡಿಕೆಯನ್ನೇ ಕೇಳಿದ್ದೆ. ಅದಕ್ಕೆ ಯಾರು ತಾನೇ ಹೂಂ ಅಂತಾರೆ? 15 ನಿಮಿಷಕ್ಕೆ ಬೇಡ ಅನ್ನೋದು ಅಷ್ಟು ಸುಲಭ ಅಲ್ಲ.

"ಬ್ಯಾಟರಿ ಎಷ್ಟು ದಿನ ಬರುತ್ತೆ?"

ಸುಮ್ನೆ ಏನೋ ಒಂದು ಅಂಕಿ ಹೇಳಬಹುದಿತ್ತು. ನಾಲಿಗೆ ತುದಿಗೂ ಬಂದಿತ್ತು. "ಅಳೆದು ತಂದು ಹೇಳ್ತೀನಿ ಸರ್" ಅಂದೆ.

"ಮಂಗಳವಾರ ಆಗಲ್ಲ. ಬುಧವಾರ 11ಕ್ಕೆ ಬನ್ನಿ."

ಬಾಟಲಿ ಅವರ ಕೈಯಲ್ಲೇ ಉಳಿಯಿತು. ನಾನೂ ವಾಪಸ್ ಕೇಳಲಿಲ್ಲ. ಸಾಧನವನ್ನು ಈಗಷ್ಟೇ ಫ್ರಿಜ್‌ನಲ್ಲಿ ಇಟ್ಟು ಬಂದೆ. ಬ್ಯಾಟರಿ ನೂರು ತೋರಿಸುತ್ತಿದೆ. ರಾತ್ರಿ 10:40.